ಕೆಡವಿದ ಮೇಲೆ ಹೊಡೆಯಬೇಡ

ಪ್ರಶ್ನೆ: ಅಣ್ಣಾ, ‘ಆರ್ಕ್: ಸರ್ವೈವಲ್ ಇವಾಲ್ವ್ಡ್’ ಎಂಬ ವಿಡಿಯೋ ಆಟದಲ್ಲಿ ಪ್ಯಾರಾಸಾರ್ ಎಂಬ ಡೈನೋಸಾರ್ ಪಳಗುವ ಮೊದಲೇ ಎಚ್ಚೆತ್ತು ಓಡುತ್ತದೆ. ಏನು ಮಾಡಲಿ?
– ಓದುಗ, ಸಿಂಧನೂರು

ಉತ್ತರ: ತಮ್ಮಾ, ಕೊಪ್ಪಳದ ನಮ್ಮ ಮನೆಯಲ್ಲಿ ಮಗಳೂ ಇದಕ್ಕೇ ಕಣ್ಣೀರು ಹಾಕಿದ್ದಳು. ಹೊಡೆದು ಪ್ರಜ್ಞೆ ತಪ್ಪಿಸಿ ಕೆಡವಿದ ಮೇಲೆ ಕೈ ಎತ್ತಲೇಬೇಡ; ಪೆಟ್ಟು ಬಿದ್ದಷ್ಟೂ ಪಳಗಿಸಿದ ಫಲ ಕಡಿಮೆಯಾಗುತ್ತದೆ. ಅದರ ಚೀಲಕ್ಕೆ ಮೇಜೋಬೆರಿ ಹಣ್ಣು ತುಂಬು, ಹಸಿದಾಗ ತಾನೇ ತಿನ್ನುತ್ತದೆ. ಅದರ ಮಂಪರು ಎಷ್ಟಿದೆ ಎಂದು ತೋರಿಸುವ ಪಟ್ಟಿ ಇಳಿಯುತ್ತಿದ್ದರೆ, ಮಂಪರು ಏರಿಸುವ ಕಪ್ಪು ನಾರ್ಕೋಬೆರಿ ಹಣ್ಣನ್ನು ನೀನೇ ತಿನ್ನಿಸು. ನೀನು ಎಡವಿರೋದು ಇಲ್ಲೇ ಅನ್ನಿಸುತ್ತದೆ. ನಮ್ಮಪ್ಪ ಹೊಸ ಎತ್ತು ತಂದರೆ ಮೊದಲು ಅಂಗೈಯಲ್ಲಿ ಹಿಂಡಿ ತಿನ್ನಿಸಿ, ಗಂಗೆದೊಗಲು ಸವರಿ, ಆಮೇಲೇ ನೊಗ ಹೂಡುತ್ತಿದ್ದರು. ಅಷ್ಟೇ ತಾಳ್ಮೆ ಬೇಕು. ಮುಂದೆ ಆಂಕಿಲೋಸಾರಸ್ ಎಂಬ ಡೈನೋಸಾರ್ ಪಳಗಿಸು, ಬಾಲ ಬೀಸಿ ಲೋಹದ ಬಂಡೆ ಒಡೆದುಕೊಡುತ್ತದೆ.