ಕ್ಯಾನ್ಸರ್ ಮಾತ್ರೆ ಶುರುವಾದ ಮೇಲೆ ಮುಖದ ತುಂಬ ಗುಳ್ಳೆ: ಮಾತ್ರೆ ಬಿಡಬೇಕಾ?

ಪ್ರಶ್ನೆ: ಅಮ್ಮನಿಗೆ 56 ವರ್ಷ. ಶ್ವಾಸಕೋಶದ ಕ್ಯಾನ್ಸರಿಗೆ ದಿನಕ್ಕೊಂದು ಜೆಫಿಟಿನಿಬ್ ಮಾತ್ರೆ ಕೊಟ್ಟಿದ್ದಾರೆ. ಹತ್ತೇ ದಿನಕ್ಕೆ ಮುಖ, ನೆತ್ತಿ, ಎದೆ ಮೇಲೆ ಮೊಡವೆಯಂಥ ಗುಳ್ಳೆ ಎದ್ದಿವೆ. ಉರಿ, ತುರಿಕೆ. ಉಷ್ಣ ಆಗಿದೆ, ಮಾತ್ರೆ ಬಿಡಿಸಿ ಅಂತಾರೆ ನೆಂಟರು. ಏನು ಮಾಡಲಿ?
– ಓದುಗರು, ಮೂಡಿಗೆರೆ

ಉತ್ತರ: ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಇವತ್ತೇ ಅಮ್ಮನ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ, ಗುಳ್ಳೆಯ ಫೋಟೋ ಕಳಿಸಿ.

ಇದು ಉಷ್ಣ ಅಲ್ಲ. ಅಂಟುರೋಗವೂ ಅಲ್ಲ, ಮೊಮ್ಮಕ್ಕಳು ಅಜ್ಜಿಯ ಪಕ್ಕದಲ್ಲೇ ಮಲಗಬಹುದು. ಅಮ್ಮನಿಗಿರುವಂಥ ಕ್ಯಾನ್ಸರ್ ಬೆಳೆಯಲು ಇಜಿಎಫ್‌ಆರ್ ಎಂಬ ಪ್ರೋಟೀನು ಬೇಕು, ಈ ಮಾತ್ರೆ ಅದನ್ನು ತಡೆಯುತ್ತದೆ. ಅದೇ ಪ್ರೋಟೀನು ಚರ್ಮದಲ್ಲೂ ಕೂದಲ ಬುಡದಲ್ಲೂ ಇದೆ. ಹಾಗಾಗಿ ಅಲ್ಲಿಗೂ ಪೆಟ್ಟು ಬೀಳುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲಿ ಕಾಣಿಸಿಕೊಂಡು, ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ.

ನೋಡಲು ಮೊಡವೆಯಂತಿದ್ದರೂ ಇದು ಮೊಡವೆಯಲ್ಲ. ಮೊಡವೆ ಕ್ರೀಮು ಹಚ್ಚಿದರೆ ಚರ್ಮ ಇನ್ನೂ ಒಣಗಿ ಉರಿ ಜಾಸ್ತಿಯಾಗುತ್ತದೆ. ನಿಂಬೆರಸ ಬೇಡ. ಮೆಡಿಕಲ್ ಶಾಪಿನವರು ಕೇಳಿದ ತಕ್ಷಣ ಕೊಡುವ ಸ್ಟೀರಾಯ್ಡ್ ಬೆರೆತ ತುರಿಕೆ ಕ್ರೀಮಂತೂ ಬೇಡವೇ ಬೇಡ. ವೈದ್ಯರು ಹೈಡ್ರೋಕಾರ್ಟಿಸೋನ್ ಕ್ರೀಮು (ಇದೂ ಸ್ಟೀರಾಯ್ಡೇ, ಆದರೆ ಸೌಮ್ಯವಾದದ್ದು), ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಬರೆದುಕೊಡಬಹುದು. ಡಾಕ್ಸಿಸೈಕ್ಲಿನ್ನನ್ನು ಲೋಟ ತುಂಬ ನೀರಿನ ಜೊತೆ ನುಂಗಲಿ, ತಕ್ಷಣ ಮಲಗಬಾರದು.

ನಮ್ಮ ಮಲೆನಾಡಿನ ಬಚ್ಚಲುಮನೆಯ ಬಗ್ಗೆ ಒಂದು ಮಾತು. ಹಂಡೆಯ ಕಾದ ನೀರನ್ನು ತಲೆಗೆ ಸುರಿದುಕೊಂಡರೇ ಸ್ನಾನ ಅನಿಸುವುದು, ಅಲ್ವಾ? ಸದ್ಯ ಅದು ಬೇಡ. ಉಗುರು ಬೆಚ್ಚಗಿನ ನೀರು ಸಾಕು. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಬಿಸಿಲಿಗೆ ಗುಳ್ಳೆ ಕೆರಳುತ್ತದೆ, ಡಾಕ್ಸಿಸೈಕ್ಲಿನ್ ತಗೊಂಡರಂತೂ ಚರ್ಮ ಬಿಸಿಲನ್ನು ತಡೆಯುವುದಿಲ್ಲ. ಕಣದಲ್ಲಿ ಕಾಫಿ ಹರವುವ ಕೆಲಸ ಬೇರೆಯವರು ಮಾಡಲಿ. ಹೊರಗೆ ಹೋಗಲೇಬೇಕಾದರೆ ತಲೆಗೆ ಬಟ್ಟೆ, ಮುಖಕ್ಕೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿಯ ಸನ್‌ಸ್ಕ್ರೀನ್ ಇರಲಿ.

ಗುಳ್ಳೆಯಲ್ಲಿ ಕೀವು, ಜ್ವರ, ಚರ್ಮ ಸುಲಿಯುವುದು, ಬಾಯಿ ಅಥವಾ ಕಣ್ಣಿನಲ್ಲಿ ಹುಣ್ಣು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊಸದಾಗಿ ದಮ್ಮು ಬಂದರೂ ಅಷ್ಟೇ. ಅದು ಚರ್ಮದ ವಿಷಯವಲ್ಲ, ಆದರೆ ಈ ಮಾತ್ರೆ ಅಪರೂಪಕ್ಕೆ ಶ್ವಾಸಕೋಶಕ್ಕೂ ತೊಂದರೆ ಕೊಡುತ್ತದೆ. ಗುಳ್ಳೆ ತೀರಾ ಜೋರಾದರೆ ವೈದ್ಯರೇ ಕೆಲವು ದಿನ ಮಾತ್ರೆ ನಿಲ್ಲಿಸಿ ಮತ್ತೆ ಶುರು ಮಾಡುತ್ತಾರೆ.

ಒಂದೆರಡು ತಿಂಗಳಾದ ಮೇಲೆ ಉಗುರಿನ ಅಂಚು ಊದಿಕೊಂಡು ನೋಯಬಹುದು. ಪಾತ್ರೆ ತೊಳೆಯುವಾಗ ಕೈಗವಸು ಹಾಕಲಿ, ಉಗುರನ್ನು ತೀರಾ ಒಳಕ್ಕೆ ಕತ್ತರಿಸಬೇಡಿ.