ಹಳೇ ಡ್ರೇಕ್ ಆರ್-4ಬಿ ರೇಡಿಯೋ ರಿಸೀವರ್‌ಗೆ ಹೊಸ ಬ್ಯಾಂಡಿನ ಕ್ರಿಸ್ಟಲ್ (ಫ್ರೀಕ್ವೆನ್ಸಿ ನಿಗದಿ ಮಾಡುವ ಸ್ಫಟಿಕದ ತುಂಡು) ದುಬಾರಿ. ಅಗ್ಗದಲ್ಲಿ ಮಾಡಿಕೊಳ್ಳಬಹುದಾ?

ಮಾಡಬಹುದು. ಆದರೆ ಮನೆಯಲ್ಲಿ ಸ್ಫಟಿಕ ಕೊಯ್ಯುವ ಕೆಲಸ ಬೇಡ. ಗುಜರಿ ಬೋರ್ಡಿನ ಎಚ್‌ಸಿ-49 ಎಂಬ ಸಣ್ಣ ಡಬ್ಬಿಯ ಕ್ರಿಸ್ಟಲ್‌ಗೆ ಹಳೇ ಕ್ರಿಸ್ಟಲ್‌ನ ಕಾಲು ಕೊಟ್ಟರೆ ಸಾಕು.

ಮೊದಲು ಲೆಕ್ಕ. ಡ್ರೇಕ್‌ನಲ್ಲಿ ಬ್ಯಾಂಡಿನ ಕೆಳತುದಿಗೆ 11.1 ಮೆಗಾಹರ್ಟ್ಸ್ ಕೂಡಿಸಿದರೆ ಕ್ರಿಸ್ಟಲ್‌ನ ಫ್ರೀಕ್ವೆನ್ಸಿ ಸಿಗುತ್ತದೆ. ಹಳೇ ಕಂಪ್ಯೂಟರ್ ಸೌಂಡ್ ಕಾರ್ಡುಗಳಲ್ಲಿ 24.576 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುತ್ತದೆ ಅಲ್ವಾ? 11.1 ಕಳೆಯಿರಿ: 13.476. ಅಲ್ಲಿಂದ 500 ಕಿಲೋಹರ್ಟ್ಸ್, ಅಂದರೆ 22 ಮೀಟರ್ ಶಾರ್ಟ್‌ವೇವ್ ಬ್ಯಾಂಡ್ ಪೂರ್ತಿ! ಡಯಲ್ ಓದುವಾಗ 476 ಕೂಡಿಸಿಕೊಳ್ಳಬೇಕು, ಅದೊಂದೇ ತಲೆನೋವು.

ಸಾಕೆಟ್ಟಿನ ತೂತುಗಳ ನಡುವೆ ಸುಮಾರು 12.3 ಮಿ.ಮೀ., ಎಚ್‌ಸಿ-49ರ ತಂತಿಗಳ ನಡುವೆ ಬರೀ 4.9. ಅದಕ್ಕೇ ಆ ಸಾಕೆಟ್ಟಿಗೆ ಕೂರುವ, ಸತ್ತ ಎಚ್‌ಸಿ-6 ಕ್ರಿಸ್ಟಲ್‌ನ ಡಬ್ಬಿ ಬಿಚ್ಚಿ, ಬುಡ ಉಳಿಸಿಕೊಂಡು, ಅದರ ಪಿನ್ನುಗಳಿಗೆ ಎಚ್‌ಸಿ-49ರ ತಂತಿಗಳನ್ನು ಬೆಸುಗೆ ಹಾಕಿ. ತಂತಿಯನ್ನು ಡಬ್ಬಿಯ ಪಕ್ಕದಲ್ಲೇ ಬಗ್ಗಿಸಬೇಡಿ, ಗಾಜಿನ ಸೀಲ್ ಒಡೆಯುತ್ತದೆ. ನಾನು ಒಂದನ್ನು ಹಾಗೇ ಕಳೆದುಕೊಂಡೆ. ಇಲ್ಲಿ ದಾವಣಗೆರೆಯ ಗುಜರಿಯಲ್ಲಿ ಇನ್ನೊಂದಕ್ಕೆ ಒಂದು ಬೆಣ್ಣೆ ದೋಸೆಯ ದುಡ್ಡೂ ಆಗಲಿಲ್ಲ ಬಿಡಿ.

ಕೊಳ್ಳುವುದಾದರೆ ಫಂಡಮೆಂಟಲ್ಲಾ (ಮೂಲ ಫ್ರೀಕ್ವೆನ್ಸಿಯದಾ), ಥರ್ಡ್ ಓವರ್‌ಟೋನಾ (ಅದರ ಸುಮಾರು ಮೂರು ಪಟ್ಟಿನದಾ) ಕೇಳಿ. ಓವರ್‌ಟೋನ್ ಕ್ರಿಸ್ಟಲ್ ಮಾಮೂಲಿ ಸರ್ಕ್ಯೂಟಿನಲ್ಲಿ ಬರೆದ ಫ್ರೀಕ್ವೆನ್ಸಿಯ ಸುಮಾರು ಮೂರನೇ ಒಂದು ಭಾಗದಲ್ಲಿ ಹಾಡುತ್ತದೆ. ವಾಲ್ವ್ ಟ್ರಾನ್ಸ್‌ಮಿಟರ್‌ಗೆ ಮಾತ್ರ ಈ ಎಚ್‌ಸಿ-49 ಸಿಕ್ಕಿಸಬೇಡಿ, ಆ ಕರೆಂಟಿಗೆ ಸಣ್ಣ ಕ್ರಿಸ್ಟಲ್ ಬಿರುಕು ಬಿಡಬಹುದು.