ಬಾಣಂತಿಯ ಮನಸ್ಸು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಹೆರಿಗೆಯಾಗಿ ಎರಡೂವರೆ ತಿಂಗಳಾಯಿತು, ತವರಿನಲ್ಲಿದ್ದೇನೆ. ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಸುಮ್ಮಸುಮ್ಮನೆ ಅಳು ಬರುತ್ತದೆ. ‘ನಾವೆಲ್ಲ ಹೆತ್ತಿಲ್ವಾ’ ಎನ್ನುತ್ತಾರೆ ಅಮ್ಮ. ಡಾಕ್ಟರು ಆಪ್ತಸಮಾಲೋಚನೆಗೆ ಹೋಗಿ ಎಂದಿದ್ದಾರೆ. ಬರೀ ಮಾತಾಡಿದರೆ ವಾಸಿಯಾಗುತ್ತದೆಯೇ?
– ಹೆಸರು ಬೇಡ, ಹಾಸನ

ಉತ್ತರ: ಹೆರಿಗೆಯಾದ ಮೂರು-ನಾಲ್ಕನೇ ದಿನ ಶುರುವಾಗುವ ಅಳು ಎರಡು ವಾರದೊಳಗೆ ತಾನಾಗಿಯೇ ಇಳಿಯಬೇಕು. ಇಷ್ಟು ದಿನವಾದರೂ ಇದ್ದರೆ ಖಿನ್ನತೆಯ ಸಂಭವ ಹೆಚ್ಚು. ಮೊದಲು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಕ್ತಹೀನತೆಯಲ್ಲೂ ಥೈರಾಯ್ಡ್ ಏರುಪೇರಿನಲ್ಲೂ ಇವೇ ಲಕ್ಷಣಗಳು ಕಾಣುತ್ತವೆ. ಬಾಣಂತಿಯ ಖಿನ್ನತೆಯನ್ನು ಅಂದಾಜು ಮಾಡುವ ಎಡಿನ್‌ಬರೋ ಪ್ರಶ್ನಾವಳಿ ಕನ್ನಡದಲ್ಲೂ ಇದೆ: ಹತ್ತು ಪ್ರಶ್ನೆ, 30 ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮನೋವೈದ್ಯರ ತಪಾಸಣೆ ಬೇಕೇಬೇಕು. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೇನೇ ಬಂದರೂ ಅದೇ ದಿನ ವೈದ್ಯರಿಗೆ ಹೇಳಿ.

ಇನ್ನು ಮಾತಿನ ಚಿಕಿತ್ಸೆ. ಇದರಲ್ಲಿ ಬುದ್ಧಿವಾದ ಕಡಿಮೆ, ಕೆಲಸ ಜಾಸ್ತಿ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂದರೆ ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆ, 8ರಿಂದ 16 ಭೇಟಿ. ಮೊದಲ ವಾರ ದಿನಚರಿ ಬರೆಸುತ್ತಾರೆ: ಯಾವ ಹೊತ್ತಿನಲ್ಲಿ ಏನು ಮಾಡಿದಿರಿ, ಆಗ ಮನಸ್ಸಿನ ಹಗುರ ಹತ್ತಕ್ಕೆ ಎಷ್ಟು. ಅದನ್ನು ನೋಡಿ ದಿನಕ್ಕೊಂದು ಸಣ್ಣ ಕೆಲಸ ಗೊತ್ತುಮಾಡುತ್ತಾರೆ: ಸಂಜೆ ಐದಕ್ಕೆ ಹತ್ತು ನಿಮಿಷ ಅಂಗಳದಲ್ಲಿ ಓಡಾಟ, ಗೆಳತಿಗೊಂದು ಫೋನ್. ‘ಮನಸ್ಸು ಬಂದಾಗ ಮಾಡ್ತೀನಿ’ ಎಂದರೆ ಆಗದು. ಖಿನ್ನತೆಯಲ್ಲಿ ಉತ್ಸಾಹ ಕೆಲಸದ ಹಿಂದಿನಿಂದ ಬರುತ್ತದೆ, ಗಡಿಯಾರ ನೋಡಿ ಎದ್ದುಬಿಡಬೇಕು. ಮೂರ್ನಾಲ್ಕನೇ ಭೇಟಿಯಿಂದ ಯೋಚನೆಗಳ ಸರದಿ. ಹಾಳೆಯ ಎಡಕ್ಕೆ ‘ನನ್ನ ಹಾಲು ಸಾಲದು, ನಾನು ತಾಯಿಯಾಗಲು ಲಾಯಕ್ಕಿಲ್ಲ’. ಬಲಕ್ಕೆ ಕಣ್ಣಿಗೆ ಕಂಡದ್ದು: ಮಗು ದಿನಕ್ಕೆ ಆರೇಳು ಸಲ ಉಚ್ಚೆ ಮಾಡುತ್ತಿದೆ, ತೂಕ ಏರುತ್ತಿದೆ. ಎರಡನ್ನೂ ಓದಿ, ಎಡಗಡೆಯ ಮಾತಿನ ಮೇಲೆ ನಂಬಿಕೆ ನೂರಕ್ಕೆ ಎಷ್ಟು ಉಳಿಯಿತೆಂದು ಬರೆಯಬೇಕು.

ಗಂಡನೊಡನೆ ಮನಸ್ತಾಪ, ಹೆಣ್ಣು ಹೆತ್ತಳೆಂಬ ಚುಚ್ಚುಮಾತು, ಬಿಟ್ಟುಬಂದ ನೌಕರಿ ಇಂಥವು ಕಾಡುತ್ತಿದ್ದರೆ ಇಂಟರ್‌ಪರ್ಸನಲ್ ಥೆರಪಿ ಚೆನ್ನಾಗಿ ಹೊಂದುತ್ತದೆ. ಯಾರ ಬಳಿ ಏನನ್ನು ಹೇಗೆ ಕೇಳಬೇಕೆಂದು ಅಲ್ಲಿ ಅಭ್ಯಾಸ ಮಾಡಿಸುತ್ತಾರೆ. ‘ಯಾರೂ ನೋಡ್ಕೊಳ್ಳಲ್ಲ’ ಎಂದರೆ ಜಗಳವಾಗುತ್ತದೆ. ‘ಅಮ್ಮಾ, ರಾತ್ರಿ ಹತ್ತರಿಂದ ಎರಡರವರೆಗೆ ಮಗು ನಿನ್ನ ಹತ್ರ ಇರಲಿ, ಹಾಲು ಹಿಂಡಿಟ್ಟಿರ್ತೀನಿ’ ಎಂದರೆ ಕೆಲಸವಾಗುತ್ತದೆ. ಆ ನಾಲ್ಕು ಗಂಟೆಯ ಎಡೆಬಿಡದ ನಿದ್ದೆ ಸಿಗದೆ ಯಾವ ಥೆರಪಿಯೂ ಹಿಡಿಯುವುದು ಕಷ್ಟ.

ಚಿಕಿತ್ಸೆ ಕೆಡುವುದು ಹೆಚ್ಚಾಗಿ ಎರಡು ಕಡೆ. ಎರಡನೇ ಭೇಟಿಗೇ ‘ಏನೂ ಆಗಲಿಲ್ಲ’ ಎಂದು ಬಿಡುವುದು ಒಂದು. ಅಮ್ಮನನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುವುದು ಇನ್ನೊಂದು. ಮಗು ಒಳಗೆ ಬರಲಿ, ಉಳಿದವರು ಹೊರಗಿರಲಿ.

ಪ್ರಶ್ನೆ: ಬಾಣಂತಿ ಹೆಂಡತಿಗೆ ಸರ್ಟ್ರಾಲಿನ್ ಎಂಬ ಖಿನ್ನತೆಯ ಗುಳಿಗೆ ಬರೆದಿದ್ದಾರೆ. ಹಾಲು ಬಿಡಿಸಬೇಕೇ?
– ಓದುಗ, ದಾವಣಗೆರೆ

ಉತ್ತರ: ಬೇಡ. ಎದೆಹಾಲಿಗೆ ಅತಿ ಕಡಿಮೆ ಸೇರುವ ಔಷಧಗಳಲ್ಲಿ ಅದೂ ಒಂದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು, ಕಾಯಿಲೆ ಮರುಕಳಿಸಬಹುದು. ಅವರಿಗಾಗಲಿ ತವರಿನವರಿಗಾಗಲಿ ಬೈಪೋಲಾರ್ ಕಾಯಿಲೆ (ಖಿನ್ನತೆಯೂ ಉನ್ಮಾದವೂ ಸರದಿಯಲ್ಲಿ ಬರುವುದು) ಇದ್ದಿದ್ದರೆ ವೈದ್ಯರಿಗೆ ಈಗಲೇ ತಿಳಿಸಿ. ಅಂಥವರಿಗೆ ಖಿನ್ನತೆಯ ಗುಳಿಗೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು.

ಪ್ರಶ್ನೆ: ಅತ್ತಿಗೆಗೆ ಹೆರಿಗೆಯಾಗಿ ಎಂಟು ದಿನ. ಮೂರು ರಾತ್ರಿಯಿಂದ ನಿದ್ದೆಯಿಲ್ಲ, ಮಗುವನ್ನು ಯಾರೋ ಬದಲಾಯಿಸಿದ್ದಾರೆ ಎನ್ನುತ್ತಾಳೆ. ಗಾಳಿ ಸೋಕಿದೆ, ಮಂತ್ರ ಹಾಕಿಸೋಣ ಎನ್ನುತ್ತಿದ್ದಾರೆ ಮನೆಯವರು.
– ಓದುಗಳು, ಕೊಪ್ಪಳ

ಉತ್ತರ: ಇದು ಬಾಣಂತಿ ಸನ್ನಿಯ ಲಕ್ಷಣ. ಇವತ್ತೇ ಆಸ್ಪತ್ರೆಗೆ ಸೇರಿಸಿ. ಆಪ್ತಸಮಾಲೋಚನೆಗೆ ಈಗ ಹೊತ್ತಲ್ಲ, ಮೊದಲು ಔಷಧ, ನಿದ್ದೆ. ತಾಯಿಯನ್ನು ಒಂಟಿಯಾಗಿಯಾಗಲಿ, ಮಗುವಿನೊಡನೆ ಇಬ್ಬರನ್ನೇ ಆಗಲಿ ಒಂದು ಕ್ಷಣವೂ ಬಿಡಬೇಡಿ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ, ವಾಹನಕ್ಕೆ 108. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಸೇರಿಸಿಕೊಳ್ಳುವ ಪ್ರತ್ಯೇಕ ಘಟಕವಿದೆ. ಮುಂದಿನ ಸಲ ಬಸುರಾದಾಗ ಮೊದಲ ತಪಾಸಣೆಯಲ್ಲೇ ಈ ಸಂಗತಿ ಹೇಳಿಸಿ. ಮರುಕಳಿಸುವ ಸಂಭವ ಹೆಚ್ಚು, ಯಾವ ಔಷಧ ಯಾವಾಗ ಎಂಬುದನ್ನು ಹೆರಿಗೆಗೆ ಮುಂಚೆಯೇ ತೀರ್ಮಾನಿಸಿಟ್ಟುಕೊಳ್ಳಬಹುದು.